ಅವ್ವ ಯುದ್ಧದಿಂದ ರಜಕ್ಕೆ ಬಂದಾಗ

ನಂಜನಗೂಡಿನ ನಮ್ಮ ಮನೆ ರೈಲಿನ ಡಬ್ಬಿಯ ಹಾಗಿತ್ತು. ಒಂದರ ಹಿಂದೆ ಒಂದು ಮೂರು ಕೋಣೆ. ಬೀದಿಬಾಗಿಲಲ್ಲಿ ನಿಂತರೆ ಹಿತ್ತಿಲ ಬಚ್ಚಲಿನ ಹಂಡೆಯವರೆಗೂ ನೋಟ ಹರಿಯುತ್ತಿತ್ತು. ಮುಂದಿನ ಕೋಣೆಯಲ್ಲಿ ಅಪ್ಪನ ಸೈಕಲ್ಲು, ಟೀವಿ, ಗೋಡೆಯ ಮೇಲೊಂದು ಬುದ್ಧನ ಚಿತ್ರ. ನಡುಮನೆಯಲ್ಲಿ ಅಜ್ಜಿಯ ಚರಕ. ಅಪ್ಪನ ತಾಯಿಯಾದ ಅವಳು ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುತ್ತಲೇ ಹರೆಯ ಕಳೆದವಳು, ನಂಜನಗೂಡಿಗೆ ಬರುವಾಗ ಬೇರೇನನ್ನೂ ತಾರದೆ ಅದೊಂದನ್ನು ತಂದಿದ್ದಳು. ಕೊನೆಯದು ಅಡುಗೆಮನೆ. ಈ ಮೂರು ಕೋಣೆಗಳಲ್ಲಿ ಅವ್ವನದು ಅಂತ ಇದ್ದದ್ದು ಒಂದು ಕಪ್ಪು ಟ್ರಂಕು ಮಾತ್ರ. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಅವಳ ಹೆಸರು, ಹೆಸರಿನ ಮುಂದೆ ಕ್ಯಾಪ್ಟನ್ ಎಂದು ಬರೆದಿತ್ತು. ಅವ್ವ ಸೈನ್ಯದ ಆಸ್ಪತ್ರೆಯಲ್ಲಿ ನರ್ಸು. ನಾನು ಓದುತ್ತಿದ್ದದ್ದು, ಬರೆಯುತ್ತಿದ್ದದ್ದು, ಅಪ್ಪ ಬೈದಾಗ ಮುಖ ಉಬ್ಬಿಸಿಕೊಂಡು ಕೂರುತ್ತಿದ್ದದ್ದು ಎಲ್ಲ ಆ ಟ್ರಂಕಿನ ಮೇಲೆಯೇ. ಕೂರುತ್ತಿದ್ದೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ನನಗೆ ಕೂರುವುದಕ್ಕೇ ಬರುತ್ತಿರಲಿಲ್ಲ. ಎರಡು ಸಾಲು ಬರೆದರೆ ಎದ್ದು ಹಿತ್ತಿಲಿಗೆ, ಅಲ್ಲಿಂದ ಬೀದಿಬಾಗಿಲಿಗೆ, ಮತ್ತೆ ಹಿತ್ತಿಲಿಗೆ.

"ಕಾಲ್ಗೆ ಚಕ್ರ ಕಟ್ಕಂಡು ಉಟ್ಟವ್ಳೆ ಕಣ್ಲಾ ನಿನ್ ಮಗ್ಳು," ಎಂದು ಅಜ್ಜಿ ಅಪ್ಪನಿಗೆ ಹೇಳುತ್ತಿದ್ದಳು. "ಅವ್ಳವ್ವನ್ನೇ ಒತ್ಕಂಡವ್ಳೆ."

ಅಪ್ಪ ಬಿಳಿಗೆರೆಯ ಶಾಲೆಯಲ್ಲಿ ಮೇಷ್ಟ್ರು. ಬೆಳಿಗ್ಗೆ ಎದ್ದು ಮುದ್ದೆ ತಿರುವಿ, ಸಾರಿಗೆ ಒಗ್ಗರಣೆ ಹಾಕಿ, ನನಗೆ ಜಡೆ ಹೆಣೆದು ಬಸ್ಸು ಹತ್ತುತ್ತಿದ್ದ. ಅವನು ಹೆಣೆದ ಜಡೆ ಶಾಲೆಯ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಿಚ್ಚಿರುತ್ತಿತ್ತು. ಅವನ ಮುದ್ದೆಯಲ್ಲಿ ಗಂಟುಗಳಿರುತ್ತಿದ್ದವು, ಅಜ್ಜಿ ಅವನ್ನು ಒಂದೊಂದಾಗಿ ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು, ಮಗನಿಗೆ ಕಾಣಲಿ ಎಂದೇ. ಬೀದಿಯ ಗಂಡಸರು ಅಪ್ಪನನ್ನು ಬಿಡುತ್ತಿರಲಿಲ್ಲ. "ಏನ್ ಮೇಷ್ಟ್ರೇ, ಕ್ಯಾಪ್ಟನ್ ಸಾಯೇಬ್ರು ಮನೆಗ್ ಬಂದ್ರೆ ನೀವು ಸಲ್ಯೂಟ್ ಒಡೀಬೇಕಾ?" ಎನ್ನುತ್ತಿದ್ದರು. ಅಪ್ಪ ನಗುತ್ತಿದ್ದ. ಒಳಗೆ ಬಂದ ಮೇಲೆ ಆ ನಗು ಮುಖದ ಮೇಲೇ ಉಳಿದು, ತೆಗೆಯಲು ಮರೆತ ಟೊಪ್ಪಿಗೆಯ ಹಾಗೆ ಕಾಣುತ್ತಿತ್ತು. ಶಾಲೆಯಲ್ಲಿ ನನ್ನ ಕಷ್ಟ ಬೇರೆ. ನಮ್ಮವ್ವ ಮಿಲಿಟರಿಯಲ್ಲಿದ್ದಾಳೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಅವ್ವ ಓಡಿಹೋಗಿದ್ದಾಳೆ, ಅದಕ್ಕೇ ಅಪ್ಪ ಹಾಗೆ ಹೇಳಿಕೊಟ್ಟಿದ್ದಾನೆ ಎಂದು ಒಬ್ಬಳು ಎಲ್ಲರೆದುರು ಅಂದಿದ್ದಳು. ಅವಳ ಜಡೆ ಹಿಡಿದು ಎಳೆದೆ. ಒಂದು ವಾರ ಬಾಗಿಲ ಹೊರಗೆ ನಿಂತು ಪಾಠ ಕೇಳಿದೆ. ನಿಲ್ಲುವುದು ನನಗೆ ಶಿಕ್ಷೆಯಲ್ಲ ಎಂದು ಆ ಟೀಚರಿಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿಗೆ ಅವ್ವನ ಫೋನು ಬರುತ್ತಿತ್ತು. ನಾವು ಮೂವರೂ ಸ್ನಾನ ಮಾಡಿ, ಮದುವೆಮನೆಗೆ ಹೊರಟವರ ಹಾಗೆ ತೊಟ್ಟು, ಒಂಬತ್ತಕ್ಕೇ ಹೋಗಿ ಬೂತಿನ ಮುಂದಿನ ಕಲ್ಲಿನ ಮೇಲೆ ಕೂರುತ್ತಿದ್ದೆವು. ವಾರವೆಲ್ಲ ನಾನು ಅವ್ವನಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿರುತ್ತಿದ್ದೆ. ರಿಸೀವರು ಕಿವಿಗೆ ಬಂದರೆ ಎಲ್ಲ ಮರೆತುಹೋಗುತ್ತಿತ್ತು. ಅವ್ವನೂ ಪ್ರತಿಸಲ ಅದೇ ಮೂರು ಕೇಳುತ್ತಿದ್ದಳು.

"ಊಟ ಮಾಡ್ದಾ? ಉಗುರು ಕತ್ತರಿಸ್ಕೊಂಡಾ? ನೀರು ಕಾಯ್ಸಿ ಆರ್ಸಿ ಕುಡೀತಿದ್ದೀರಾ?"

ಹೂಂ, ಹೂಂ, ಹೂಂ ಅನ್ನುವಷ್ಟರಲ್ಲಿ ಫೋನು ಅಪ್ಪನ ಕೈಗೆ ಹೋಗಿರುತ್ತಿತ್ತು.

ಕಾರ್ಗಿಲ್ಲಿನ ಯುದ್ಧದ ಆ ಬೇಸಿಗೆಯಲ್ಲಿ ಫೋನು ನಿಂತಿತು. ಅವ್ವನನ್ನು ಕಾಶ್ಮೀರದ ಕಡೆಯ ಒಂದು ಆಸ್ಪತ್ರೆಗೆ ಕಳಿಸಿದ್ದಾರೆ ಎಂಬಷ್ಟೇ ನಮಗೆ ಗೊತ್ತಿದ್ದದ್ದು. ಆದರೂ ಭಾನುವಾರ ನಾವು ಹೋಗಿ ಕೂರುವುದು ನಿಲ್ಲಲಿಲ್ಲ. ಬೂತಿನವನು ನಮ್ಮನ್ನು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದ, ಫೋನು ಬಾರದಿರುವುದು ತನ್ನದೇ ತಪ್ಪೆಂಬಂತೆ. ಸಂಜೆ ಟೀವಿಯಲ್ಲಿ ಹಿಮದ ಗುಡ್ಡಗಳು, ಹೊಗೆ, ಬಾವುಟ ಹೊದಿಸಿದ ಪೆಟ್ಟಿಗೆಗಳು. ನಮ್ಮ ಬೀದಿಯಲ್ಲಿ ಬಣ್ಣದ ಟೀವಿ ಇದ್ದ ಮನೆಗಳಿದ್ದರೂ ಜನ ವಾರ್ತೆಗೆ ನಮ್ಮ ಕಪ್ಪು-ಬಿಳುಪಿನ ಮುಂದೆಯೇ ಬಂದು ಕೂರುತ್ತಿದ್ದರು. ಅವ್ವ ಕಾಣಿಸಿದರೆ ಮೊದಲು ನಾವು ಗುರುತಿಸುತ್ತೇವೆ, ಆಗ ತಾವೂ ಜೊತೆಗಿರಬೇಕು ಎಂದಿರಬಹುದು. ನರ್ಸುಗಳನ್ನು ಒಮ್ಮೆಯೂ ತೋರಿಸಲಿಲ್ಲ. ಅಜ್ಜಿ ಮಾತ್ರ ಟೀವಿಯ ಕಡೆ ನೋಡುತ್ತಿರಲಿಲ್ಲ. ನಡುಮನೆಯಲ್ಲಿ ಚರಕದ ಮುಂದೆ ಕೂತಿರುತ್ತಿದ್ದಳು. ಅಷ್ಟು ವರ್ಷ ನೂತ ಕೈ, ಆ ಬೇಸಿಗೆಯಲ್ಲಿ ಎಳೆ ಮತ್ತೆ ಮತ್ತೆ ಕಡಿಯುತ್ತಿತ್ತು. ನನಗೋ ಬೀದಿಬಾಗಿಲು, ಹಿತ್ತಿಲು, ಬೀದಿಬಾಗಿಲು. ಪೋಸ್ಟ್‌ಮ್ಯಾನ್ ತಿರುವಿನಲ್ಲಿ ಕಂಡರೆ ಓಡುತ್ತಿದ್ದೆ. ಅವನು ಸೈಕಲ್ಲಿನ ಮೇಲಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಿದ್ದ. ಕೊನೆಗೊಂದು ದಿನ ಇಲ್ಲ ಎನ್ನದೆ ಇಳಿದ. ಇನ್‌ಲ್ಯಾಂಡ್ ಕಾಗದದಲ್ಲಿ ಎಂಟೇ ಸಾಲು. ತಾನು ಚೆನ್ನಾಗಿದ್ದೇನೆ, ಕೆಲಸ ಜಾಸ್ತಿ, ಮಳೆ ಶುರುವಾಗುವ ಮೊದಲು ಹಿತ್ತಿಲ ಬಾಗಿಲಿನ ಹೆಂಚು ಸರಿಮಾಡಿಸಿ. ಅಪ್ಪ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದ. ಮರುದಿನ ರಜ ಹಾಕಿ ತಾನೇ ಏಣಿ ಹತ್ತಿ ಹೆಂಚು ಸರಿಮಾಡಿದ.

ಅವ್ವ ಬಂದದ್ದು ಮಳೆಗಾಲ ಕಳೆದ ಮೇಲೆ, ದಸರೆಯ ರಜದಲ್ಲಿ. ಮೈಸೂರಿಂದ ಬಸ್ಸಿನಲ್ಲಿ ಇಳಿದವಳನ್ನು ನಾನು ಒಂದು ಗಳಿಗೆ ಗುರುತಿಸಲಿಲ್ಲ. ಕೂದಲು ಕತ್ತಿನವರೆಗೆ ಕತ್ತರಿಸಿತ್ತು. ಕೆನ್ನೆಯ ಮೂಳೆ ಎದ್ದಿತ್ತು. ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ಇಳಿದೆಗೆದು ಒಲೆಗೆ ಹಾಕಿದಳು. ಅವು ಚಟಪಟ ಸಿಡಿದದ್ದಕ್ಕೆ ಅವ್ವ ಬೆಚ್ಚಲಿಲ್ಲ, ಏನೂ ಇಲ್ಲ. "ಕಿಟಕಿ ತೆಗೀರಿ, ಹೊಗೆ ಹೋಗ್ಲಿ," ಅಂದಳು ಅಷ್ಟೆ. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಹಾಸಿಗೆಗಳನ್ನು ಎಳೆದು ಬಿಸಿಲಿಗೆ ಹಾಕಿದಳು.

ಮೂರೇ ದಿನದಲ್ಲಿ ನಮ್ಮ ಮನೆ ಆಸ್ಪತ್ರೆಯ ವಾರ್ಡಾಯಿತು. ಗೋಡೆಗೆ ತಾಗಿದ್ದ ಮಂಚಗಳನ್ನು ಎಳೆದು, ಸುತ್ತ ಓಡಾಡಲು ಜಾಗ ಬಿಟ್ಟು ಸಾಲಾಗಿ ಹಾಕಿದಳು. ತಟ್ಟೆ ಲೋಟಗಳನ್ನು ಹಂಡೆಯಲ್ಲಿ ಕುದಿಸಿದಳು. ಅಜ್ಜಿಯ ಹತ್ತಿಯ ಬುಟ್ಟಿಯಲ್ಲಿ ಧೂಳಿದೆ ಎಂದು ಹಿತ್ತಿಲಿಗೆ ಸಾಗಿಸಿದಳು. ಊಟಕ್ಕೆ ಕೂರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಯಾರೋ ಈಗ ಕೂಗುತ್ತಾರೆ ಎಂಬಂತೆ ಬೀದಿಯ ಕಡೆ ಕಿವಿಯಿಟ್ಟು, ನಾಲ್ಕು ತುತ್ತು ನುಂಗಿ ಕೈ ತೊಳೆಯುತ್ತಿದ್ದಳು. ಆಮೇಲೆ ನಡಿಗೆ. ಬೀದಿಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೀದಿಬಾಗಿಲಿಗೆ. ನಾನೂ ನಡೆಯುತ್ತಿದ್ದೆ. ನಡುಮನೆಯಲ್ಲಿ ನಾವಿಬ್ಬರೂ ಎದುರಾಗಿ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಮುಂದಕ್ಕೆ ಹೋಗುತ್ತಿದ್ದೆವು. ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು, ಉಗುರು ನೋಡುತ್ತಿದ್ದಳು, ತಲೆಯಲ್ಲಿ ಹೇನು ಹುಡುಕುತ್ತಿದ್ದಳು. ಆದರೆ ಹತ್ತಿರ ಎಳೆದುಕೊಳ್ಳಲಿಲ್ಲ. ಅವಳು ಬಂದು ಒಂದು ವಾರವಾಗಿತ್ತು. ನಾನು ಲೋಟ ಕೆಡವಿದಾಗ ಬೆನ್ನು ತಿರುಗಿಸಿ ನಿಂತಿದ್ದ ಅವ್ವ,

"ಕುಛ್ ನಹೀ, ಬೇಟಾ, ಕುಛ್ ನಹೀ," ಅಂದಳು.

ಹಿಂದಿಯಲ್ಲಿ, ಏನಿಲ್ಲ ಮಗನೇ ಎಂದು. ತಿರುಗಿ ನನ್ನನ್ನು ಕಂಡು ಬಾಯಿ ಮುಚ್ಚಿಕೊಂಡಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನಗೆ ಕಾಣದ ಎಷ್ಟೋ ಗಂಡುಮಕ್ಕಳನ್ನು ಅವಳು ಆ ದನಿಯಲ್ಲಿ ಕರೆದಿದ್ದಾಳೆ, ನನಗೆ ಸಿಕ್ಕದ್ದು ಅದರ ಮಿಕ್ಕದ್ದು ಅನ್ನಿಸಿತು. ಅಜ್ಜಿಗೆ ಇದೆಲ್ಲ ಅರ್ಥವಾಗುತ್ತಿತ್ತು. ಅವಳು ಸೊಸೆಯ ಮೇಲೆ ಹರಿಹಾಯ್ದಳು.

"ನಿನ್ ಮಗ್ಳು ತಲೆ ಬಾಚ್ಕೊಡು ಅಂತ ಬಾಚ್ಣಿಗೆ ಇಡ್ಕಂಡು ನಿಂತವ್ಳೆ, ನೀನು ತಟ್ಟೆ ಬೇಯಿಸ್ತಾ ಇದ್ದೀಯ. ಇದು ಮನೆ ಕಣವ್ವ, ಆಸ್ಪತ್ರೆ ಅಲ್ಲ!"

"ಗೊತ್ತು ಅತ್ತೆ."

"ಗೊತ್ತಿದ್ರೆ ಒಂದ್ಕಡೆ ಕುಂತ್ಕೊ."

"ಕೂರಕ್ಕೆ ಆಗ್ತಿಲ್ಲ ಅತ್ತೆ. ಏನ್ ಮಾಡ್ಲಿ, ಆಗ್ತಿಲ್ಲ."

ಹೀಗಿರುವಾಗ ಒಂದು ಬೆಳಿಗ್ಗೆ ಸಿದ್ದಮ್ಮ ಬಂದಳು. ನಾವು ಅವಳನ್ನು ಎಂದೂ ನೋಡಿರಲಿಲ್ಲ. ಅವ್ವನ ತವರು ತಿ. ನರಸೀಪುರ. ಅಲ್ಲಿಂದ ತಲಕಾಡಿನ ದಾರಿಯಲ್ಲಿ ಸಿಗುವ ಹಳ್ಳಿಯೊಂದರಿಂದ ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಮಡಿಲಲ್ಲಿ ಹುರಿದ ಕಡಲೆಕಾಯಿ, ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗಿನಿಂದ ಒಂದು ಸರ್ಕಾರಿ ಕಾಗದ, ಅಂಗೈಯಷ್ಟಗಲದ ಒಂದು ಫೋಟೊ ತೆಗೆದು ಅವ್ವನ ಕೈಗೆ ಕೊಟ್ಟಳು. ಅವಳ ಮಗ ಮಾದೇವ. ಗುಡ್ಡದ ಮೇಲೆ ಗಾಯಗೊಂಡು, ಅವ್ವ ಇದ್ದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ.

"ಪೆಟ್ಗೇಲಿ ಬಂದ ಕಣವ್ವ. ಮೊಕ ಒಂದ್ ಗಳಿಗೆ ತೋರ್ಸುದ್ರು. ನರಸೀಪುರದಲ್ಲಿ ಅಂದ್ರು, ನಮ್ ಕಡೆ ಎಣ್ಮಗಳೇ ಅಲ್ಲಿ ನರ್ಸಮ್ಮ ಅಂತ. ನೀನ್ ನೋಡಿರ್ತೀಯ. ಕಡೇಗ್ ಏನಂದ ನನ್ ಮಗ? ಅದೊಂದ್ ಏಳ್ಬುಡವ್ವ, ಒಂಟೋಯ್ತೀನಿ."

ಅವ್ವ ಫೋಟೊ ನೋಡಿದಳು. ತುಂಬ ಹೊತ್ತು ನೋಡಿದಳು. "ನೀರು ತರ್ತೀನಿ" ಎಂದು ಅಡುಗೆಮನೆಗೆ ಹೋದಳು. ಅಜ್ಜಿ ಹಿಂದೆ ಹೋದಳು, ಅಜ್ಜಿಯ ಹಿಂದೆ ನಾನು.

"ಏನ್ ಯೋಚ್ನೆ ಮಾಡೀಯ?" ಅಜ್ಜಿ ಪಿಸುಗುಟ್ಟಿದಳು. "ಅವ್ವಾ ಅಂತ ಕರ್ದ ಅನ್ನು. ಸಾಯೋವಾಗ ಎಲ್ಲ ಮಕ್ಳೂ ಕರ್ದೇ ಕರೀತವೆ. ಸುಳ್ಳೇನಲ್ಲ."

"ಅತ್ತೆ, ನಂಗೆ ಆ ಮುಖ ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಏನಾಯ್ತು? ಅವ್ಳ ಒಟ್ಟೆ ತಣ್ಣಗಾಯ್ತದೆ."

ಅವ್ವ ಲೋಟ ಹಿಡಿದು ಹೊರಗೆ ಬಂದಳು. "ನಂಗೆ ಸ್ವಲ್ಪ ಟೈಮ್ ಕೊಡಿ. ನೆನಪು ಮಾಡ್ಕೊಂಡು ನಾನೇ ನಿಮ್ಮೂರಿಗೆ ಬರ್ತೀನಿ," ಅಂದಳು. ಸಿದ್ದಮ್ಮ ಅವ್ವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, "ನಿಧಾನಕ್ಕೆ ಗ್ಯಾಪ್ಕ ಮಾಡ್ಕಳವ್ವ. ನಾನೆಲ್ಲೋಯ್ತೀನಿ? ಇದ್ದೇ ಇರ್ತೀನಿ," ಎಂದು ಫೋಟೊವನ್ನು ಬಿಟ್ಟುಹೋದಳು.

ಆ ಮೇಲಿನ ದಿನಗಳು ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯವಲ್ಲ. ಅವ್ವ ಫೋಟೊವನ್ನು ಟ್ರಂಕಿನ ಮೇಲಿಟ್ಟು, ಓಡಾಡುತ್ತಲೇ ಪ್ರತಿಸಲವೂ ಅದರ ಮುಂದೆ ನಿಂತು ಹೋಗುತ್ತಿದ್ದಳು. ನಾನು ಪುಸ್ತಕಗಳನ್ನು ನೆಲಕ್ಕೆ ಇಳಿಸಿಕೊಂಡೆ. ಮಾದೇವ ನಗುತ್ತಿರಲಿಲ್ಲ, ಸ್ಟುಡಿಯೋದವನು ಗದ್ದ ಎತ್ತು ಎಂದಿರಬೇಕು, ಗದ್ದ ಎತ್ತಿದ್ದ. ಒಂದು ಸಂಜೆ ಹೊರಗಿನಿಂದ ಬಂದ ಅಪ್ಪ ಚಪ್ಪಲಿ ಬಿಡುತ್ತಾ, "ಹೇಳ್ಬಿಡು. ನೀನು ಏನ್ ಹೇಳಿದ್ರೂ ಆ ತಾಯಿಗೆ ಅದೇ ನಿಜ ಆಗುತ್ತೆ," ಅಂದ.

"ಅದಕ್ಕೇ ಭಯ," ಎಂದಳು ಅವ್ವ. ಆಮೇಲೆ ಅವಳು ಮಾತಾಡತೊಡಗಿದಳು, ನಡೆಯುತ್ತಲೇ, ನಮ್ಮ ಯಾರ ಮುಖವನ್ನೂ ನೋಡದೆ. ಹೆಲಿಕಾಪ್ಟರಿನಲ್ಲಿ ಬರುತ್ತಿದ್ದವರ ಮುಖದ ತುಂಬ ಮಣ್ಣು, ಇಲ್ಲವೇ ಬ್ಯಾಂಡೇಜು ಇರುತ್ತಿತ್ತು. ಮುಖ ನೋಡಲು ಹೊತ್ತೇ ಇರುತ್ತಿರಲಿಲ್ಲ. ಬೂಟು ಕತ್ತರಿಸಿ ತೆಗೆಯಬೇಕು, ಹಿಮದಲ್ಲಿ ಕಪ್ಪಾದ ಬೆರಳು ನೋಡಬೇಕು, ರಕ್ತ ಏರಿಸಬೇಕು. "ಕಾಲಿನ ಫೋಟೊ ತಂದಿದ್ರೆ ಹೇಳ್ತಿದ್ದೆ, ಇವನು ಇಂಥ ಬೆಡ್ಡಿನಲ್ಲಿದ್ದ ಅಂತ," ಎಂದಳು. ಅಪ್ಪ ಇನ್ನೊಂದು ಚಪ್ಪಲಿ ಬಿಡದೆ ಹಾಗೇ ನಿಂತಿದ್ದ. "ಒಬ್ಬ ಕನ್ನಡದಲ್ಲಿ ಕರೆದ," ಎಂದು ಅವ್ವ ಮುಂದುವರಿಸಿ, ಅಲ್ಲಿಗೇ ನಿಲ್ಲಿಸಿ, ಹಿತ್ತಿಲಿಗೆ ಹೋದಳು. ಮೂವರಲ್ಲಿ ಯಾರೂ ಹಿಂದೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಸೀರೆ ಉಟ್ಟು ಹೊರಟು ನಿಂತಳು. ನಾನೂ ಬರುತ್ತೇನೆಂದು ಸೆರಗು ಹಿಡಿದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. "ಚಪ್ಪಲಿ ಹಾಕ್ಕೊ," ಅಂದಳು. ನರಸೀಪುರದ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದಳು, ನನ್ನನ್ನು ಮಾತ್ರ ಕೂರಿಸಿದಳು. ಸಂಗಮದ ಸೇತುವೆಯ ಮೇಲೆ ಜನ ಕೈಮುಗಿದರೆ ಅವಳು ಕಂಬಿ ಹಿಡಿದ ಕೈ ಬಿಡಲಿಲ್ಲ. ತಲಕಾಡಿನ ಬಸ್ಸಿಗೆ ಬದಲಿಸಿ, ಅವಳು ಕೈ ತೋರಿಸಿದಲ್ಲಿ ಇಳಿದು, ಗದ್ದೆಯ ಬದುವಿನ ಮೇಲೆ ನಡೆದೆವು. ದಾರಿಯುದ್ದಕ್ಕೂ ಅವಳ ತುಟಿ ಅಲುಗುತ್ತಿತ್ತು. ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದಳು, ನಾನು ಫೋನಿಗಾಗಿ ಜೋಡಿಸಿಕೊಳ್ಳುತ್ತಿದ್ದ ಹಾಗೆ.

ಸಿದ್ದಮ್ಮನ ಮನೆಯ ಮುಂದೆ ಹೊಂಗೆಮರ. ಅದರ ನೆರಳಲ್ಲಿ ಹುರುಳಿ ಕೇರುತ್ತಾ ಕೂತಿದ್ದಳು. ನಮ್ಮನ್ನು ಕಂಡು ಮೊರ ಕೆಳಗಿಟ್ಟಳು, ಏಳಲಿಲ್ಲ. ಅವ್ವ ಅವಳ ಎದುರು ನೆಲದ ಮೇಲೇ ಕೂತಳು. ರಜಕ್ಕೆ ಬಂದ ಮೇಲೆ ಅವಳು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಂಗೆ ನಿಮ್ಮ ಮಗನ ಮುಖ ನೆನಪಿಲ್ಲ," ಎಂದಳು ಅವ್ವ. "ಎಷ್ಟು ನೋಡಿದ್ರೂ ಬರ್ತಿಲ್ಲ. ಸುಳ್ಳು ಹೇಳಕ್ಕೆ ಮನಸ್ಸಾಗಲಿಲ್ಲ."

ಸಿದ್ದಮ್ಮ ಮೊರವನ್ನು ಇಬ್ಬರ ನಡುವೆ ಸರಿಸಿದಳು.

"ಒಂದು ದಿನ ಮಧ್ಯಾಹ್ನ ಒಬ್ಬ ಕನ್ನಡದಲ್ಲಿ ಕರೆದ. 'ಅಕ್ಕಾ, ನೀರು' ಅಂದ. ನಾನು ಇನ್ನೊಬ್ಬನಿಗೆ ಸೂಜಿ ಹಾಕ್ತಿದ್ದೆ, ಕೈ ಬಿಡೋ ಹಾಗಿರ್ಲಿಲ್ಲ. 'ಬಂದೆ ಇರಪ್ಪ' ಅಂದೆ. ಕೈ ಬಿಡಿಸ್ಕೊಂಡು ತಿರುಗೋ ಹೊತ್ತಿಗೆ ಅವನನ್ನ ಆಪರೇಷನ್ನಿಗೆ ಕರ್ಕೊಂಡು ಹೋಗಿದ್ರು. ವಾಪಸ್ಸು ಆ ಬೆಡ್ಡಿಗೆ ಅವನು ಬರಲಿಲ್ಲ. ನಿಮ್ಮ ಮಗನೋ, ಬೇರೆಯವರ ಮಗನೋ, ಗೊತ್ತಿಲ್ಲ. ನಮ್ಮ ಕಡೆ ಹುಡುಗ್ರು ಮೂರ್ನಾಲ್ಕು ಜನ ಇದ್ರು. ನಾನು ಹೋಗಲಿಲ್ಲ ಕಣಮ್ಮ. ಬಂದೆ ಅಂದು ಹೋಗಲಿಲ್ಲ."

ಅವ್ವನ ದನಿ ಗಟ್ಟಿಯಾಗಿಯೇ ಇತ್ತು. ಆದರೆ ಅವಳ ಬೆರಳುಗಳು ಮೊರದ ಹುರುಳಿಯಲ್ಲಿ ಕಲ್ಲು ಆರಿಸತೊಡಗಿದ್ದವು. ಸಿದ್ದಮ್ಮ ಆ ಬೆರಳುಗಳನ್ನೇ ನೋಡುತ್ತಾ ಕೂತಳು. ಬೈಯುತ್ತಾಳೆ, ಎದ್ದು ಹೋಗಿ ಎನ್ನುತ್ತಾಳೆ ಎಂದು ನಾನು ಮರದ ಬುಡಕ್ಕೆ ಅಂಟಿಕೊಂಡೆ.

"ಬಂದೆ ಅಂದಿದ್ದು ಅವ್ನಿಗೆ ಕೇಳುಸ್ತಾ?"

"ಕೇಳಿಸ್ತು. ತಿರುಗಿ ನೋಡಿದ."

"ಕನ್ನಡದಲ್ಲೇ ಅಂದ್ಯಾ?"

"ಹೂಂ. ಕನ್ನಡದಲ್ಲೇ."

ಸಿದ್ದಮ್ಮ ಉಸಿರು ಬಿಟ್ಟಳು. ಅಷ್ಟು ದೂರದ ಊರಲ್ಲಿ, ಹಿಮದ ಗುಡ್ಡದಿಂದ ಇಳಿಸಿದ ಯಾರದೋ ಮಗ ಕರೆದಾಗ, ಅವನ ಮನೆಯ ಮಾತಿನಲ್ಲೇ ಒಬ್ಬರು ಓಗೊಟ್ಟರು. ಅವಳು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದಂತೆ ಇತ್ತು. ನನಗೆ ಆಗ ಇದು ತಿಳಿಯಲಿಲ್ಲ. ಅವ್ವನ ಆಗಿನ ವಯಸ್ಸನ್ನು ನಾನು ದಾಟಿದ ಮೇಲೆ ತಿಳಿಯಿತು.

"ಓಗಿದ್ರೆ ಏನ್ ಮಾಡ್ತಿದ್ದೆ?" ಎಂದು ಸಿದ್ದಮ್ಮ ಕೇಳಿದಳು.

"ಆಪರೇಷನ್ನಿಗೆ ಮೊದ್ಲು ನೀರು ಕೊಡೋ ಹಾಗಿಲ್ಲ. ಒದ್ದೆ ಬಟ್ಟೇಲಿ ತುಟಿ ನೆನೆಸ್ತಿದ್ದೆ. ಮುಖ ಒರೆಸ್ತಿದ್ದೆ. ಹೆಸರು ಕೇಳ್ತಿದ್ದೆ, ಊರು ಕೇಳ್ತಿದ್ದೆ."

"ಮಾಡು."

ಅವ್ವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಸಿದ್ದಮ್ಮ ಸೆರಗಿನ ತುದಿಯಲ್ಲಿ ಕಣ್ಣು ಒತ್ತಿಕೊಂಡು, ಮರಕ್ಕೆ ತಲೆ ಒರಗಿಸಿ, ಕಣ್ಣು ಮುಚ್ಚಿದಳು.

"ಮಾಡವ್ವ. ನಾನ್ ನೋಡ್ಬೇಕು."

ಅವ್ವ ಎದ್ದು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ಚೀಲದಿಂದ ಕರ್ಚೀಫು ತೆಗೆದು ನೆನೆಸಿ ಹಿಂಡಿದಳು. ಮೊದಲು ತುಟಿ. ಬಟ್ಟೆಯ ಮೂಲೆಯಿಂದ, ಒತ್ತದೆ, ಒಂದು ಸಲ, ಇನ್ನೊಂದು ಸಲ. ಆಮೇಲೆ ಹಣೆ, ಹುಬ್ಬು, ಮುಚ್ಚಿದ ಕಣ್ಣಿನ ಮೂಲೆಗಳು, ಕಿವಿಯ ಹಿಂದೆ, ಕತ್ತು. ಅವಸರವೇ ಇರಲಿಲ್ಲ. ಮನೆಯಲ್ಲಿ ತಟ್ಟೆ ಕುದಿಸುತ್ತಿದ್ದ ಕೈಗಳೇ ಇವು ಎಂದು ನಂಬಲಾಗುತ್ತಿರಲಿಲ್ಲ. ಬಗ್ಗಿ ಅವಳ ಕಿವಿಯ ಹತ್ತಿರ,

"ಹೆಸರೇನಪ್ಪ?" ಎಂದಳು.

"ಮಾದೇವ," ಎಂದಳು ಸಿದ್ದಮ್ಮ.

"ಯಾವೂರು?"

ಸಿದ್ದಮ್ಮ ಊರಿನ ಹೆಸರು ಹೇಳಲು ಬಾಯಿ ತೆರೆದಳು, ಹೇಳಲಾಗಲಿಲ್ಲ. ಅಳು ಅವಳ ಹೊಟ್ಟೆಯ ಆಳದಿಂದ ಬಂತು, ದನಿಯಿಲ್ಲದೆ, ಮೈಯೆಲ್ಲ ನಡುಗಿಸಿಕೊಂಡು. ಅವ್ವ ಒರೆಸುವುದನ್ನು ನಿಲ್ಲಿಸಲಿಲ್ಲ. ಅವ್ವನೂ ಅಳುತ್ತಿದ್ದಳು. ಅದನ್ನು ನೋಡಬಾರದು ಅನ್ನಿಸಿ ನಾನು ಮರದ ತೊಗಟೆ ಕೀಳತೊಡಗಿದೆ. ಎಷ್ಟು ಹೊತ್ತು ಹಾಗೆ ಇದ್ದರೋ ಗೊತ್ತಿಲ್ಲ. ಹೊಂಗೆಯ ನೆರಳು ಸರಿದು ನನ್ನ ಕಾಲು ಬಿಸಿಲಿಗೆ ಬಂದಿತ್ತು.

"ಸಾಕು ಕಣವ್ವ," ಎಂದು ಸಿದ್ದಮ್ಮ ಕಣ್ಣು ತೆರೆದಳು. ನನ್ನ ಕಡೆ ನೋಡಿದಳು. "ಆ ಮಗ ಬಿಸ್ಲಲ್ಲಿ ಬೆವ್ತು ನೀರಾಗದೆ. ಅದ್ಕೂ ಒರ್ಸು."

ಅವ್ವ ಕರ್ಚೀಫು ಮತ್ತೆ ನೆನೆಸಿ ಹಿಂಡಿದಳು. ನನ್ನನ್ನು ಹತ್ತಿರ ಕರೆದು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡಳು. ಅದೇ ತುಟಿಯಿಂದ ಶುರುಮಾಡಿ ಅದೇ ರೀತಿ ಒರೆಸಿದಳು. ನಾನು ಅಲುಗದೆ ನಿಂತೆ. ಹತ್ತು ವರ್ಷದ ಬದುಕಿನಲ್ಲಿ ಅಷ್ಟು ಹೊತ್ತು ಅಲುಗದೆ ನಿಂತದ್ದು ಅದೇ ಮೊದಲಿರಬೇಕು.

ಮಜ್ಜಿಗೆ ಕುಡಿದು ನಾವು ಹೊರಟೆವು. ಅವ್ವ ಫೋಟೊವನ್ನು ಹಿಂದಕ್ಕೆ ಕೊಟ್ಟಳು. ಸಿದ್ದಮ್ಮ ಬದುವಿನ ತುದಿಯವರೆಗೆ ಬಂದು, ಅಲ್ಲೇ ನಿಂತು, ನಾವು ತಿರುಗುವವರೆಗೆ ನೋಡುತ್ತಿದ್ದಳು. ಹತ್ತೇ ದಿನಕ್ಕೆ ಅವ್ವನ ರಜ ಮುಗಿಯುವುದಿತ್ತು. ಅವಳು ಮತ್ತೆ ಆ ಗುಡ್ಡಗಳ ಕಡೆಗೇ ಹೋಗಬೇಕಿತ್ತು, ಹೋದಳು ಕೂಡ, ಮತ್ತೆ ಎಷ್ಟೋ ಸಲ ಬಂದಳು, ಹೋದಳು. ನಮ್ಮ ಮನೆಯಲ್ಲಿ ಆ ನಡಿಗೆ ನಿಂತದ್ದೇ ಇಲ್ಲ. ನಾನೂ ಇಂದಿಗೂ ಕೂತು ಪಾಠ ಮಾಡಲಾರೆ. ತರಗತಿಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತೇನೆ, ಮಕ್ಕಳು ಕತ್ತು ತಿರುಗಿಸಿ ತಿರುಗಿಸಿ ಸುಸ್ತಾಗುತ್ತಾರೆ. ಆದರೆ ಆ ಮಧ್ಯಾಹ್ನ ಬದುವಿನ ಮೇಲೆ ನಡೆಯುವಾಗ ಅವ್ವ ನನ್ನ ಕೈ ಹಿಡಿದಳು. ಬೇರೆ ತಾಯಂದಿರ ಹಾಗೆ ಬೆರಳು ಹಿಡಿಯಲಿಲ್ಲ. ಮಣಿಕಟ್ಟು ಹಿಡಿದಳು, ಹೆಬ್ಬೆರಳ ಬುಡದಲ್ಲಿ ತನ್ನ ಎರಡು ಬೆರಳು ಇಟ್ಟು. ನಾಡಿ ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಬಸ್ಸು ನಿಲ್ಲುವ ಜಾಗ ಬರುವವರೆಗೂ ನಾನು ಮಾತಾಡಲಿಲ್ಲ, ಎಲ್ಲಿ ಅವಳ ಎಣಿಕೆ ತಪ್ಪಿ ಕೈ ಬಿಟ್ಟುಬಿಡುತ್ತಾಳೋ ಎಂದು.